ಎರಡನೇ ನಂಬರ್ ಪಂಪಿನ ರಿಜಿಸ್ಟರು

ಕೊಟ್ರಯ್ಯನವರು ಹದಿನೇಳು ವರ್ಷ ರಿಜಿಸ್ಟರಿನಲ್ಲಿ ಬರೆದ ಅಂಕಿಗಳನ್ನು ಯಾರಾದರೂ ಓದುತ್ತಾರೆ ಎಂಬ ಅನುಮಾನ ಅವರಿಗೆ ಒಂದು ದಿನವೂ ಬಂದಿರಲಿಲ್ಲ. ಗಂಟೆಗೊಂದು ಸಾಲು, ದಿನಕ್ಕೊಂದು ಪುಟ. ಪುಸ್ತಕ ತುಂಬಿದರೆ ಪಂಪ್‌ಹೌಸಿನ ಮೂಲೆಯ ಕಬ್ಬಿಣದ ಬೀರುವಿಗೆ ಹೋಗುತ್ತಿತ್ತು. ಅಲ್ಲಿ ಇಲಿಗಳು ಅದನ್ನು ಏನು ಮಾಡುತ್ತಿದ್ದವೋ ಅವರು ವಿಚಾರಿಸಲು ಹೋದವರಲ್ಲ.

ಮೂರು ವರ್ಷದ ಹಿಂದೆ ರೇಣುಕಾದೇವಿ ಎಂಬ ಹುಡುಗಿ ಬಂದು, ಅಷ್ಟೂ ಪುಸ್ತಕಗಳ ಅಷ್ಟೂ ಪುಟಗಳನ್ನು ಹನ್ನೊಂದು ದಿನ ಕೂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿದ್ದಳು. ಆಮೇಲೆ ತುಂಬಿದ ಪುಸ್ತಕಗಳನ್ನೂ ಆಗಾಗ ಬಂದು ಹಾಗೇ ತೆಗೆದುಕೊಂಡಿದ್ದಳು. ಆಗಲೂ ಅವರಿಗೆ ಏನೂ ಅನ್ನಿಸಿರಲಿಲ್ಲ. ಕಾಲೇಜಿನವರು ಹಂಪಿಗೆ ಬಂದು ಕಂಡ ಕಲ್ಲನ್ನೆಲ್ಲ ಫೋಟೋ ಹೊಡೆದುಕೊಂಡು ಹೋಗುವುದಿಲ್ಲವೇ, ಇದೂ ಅಂಥದ್ದೇ ಎಂದುಕೊಂಡು ಅವಳಿಗೆ ಮಂಡಕ್ಕಿ ಒಗ್ಗರಣೆ ತರಿಸಿಕೊಟ್ಟು ಸುಮ್ಮನಾಗಿದ್ದರು.

ಕಂಪ್ಲಿಯಿಂದ ನಾಲ್ಕು ಮೈಲಿ ಆಚೆ, ತುಂಗಭದ್ರೆಯ ದಂಡೆಯ ಮೇಲೆ ರೈತರ ಸಂಘವೊಂದರ ಏತ ನೀರಾವರಿ ಪಂಪ್‌ಹೌಸು. ಹೊಳೆಯ ನೀರನ್ನು ಮೇಲಕ್ಕೆತ್ತಿ ಕಾಲುವೆಗೆ ಬಿಡುವ ಮೂರು ದೊಡ್ಡ ಪಂಪುಗಳು. ಕೊಟ್ರಯ್ಯನವರು ಅಲ್ಲಿ ಆಪರೇಟರು. ಬರುವ ಶ್ರಾವಣಕ್ಕೆ ಅರವತ್ತು ತುಂಬಿ ಮನೆಗೆ ಹೋಗುವವರು. ಹಣೆಗೆ ಮೂರು ಬೆರಳಿನ ವಿಭೂತಿ ಇಲ್ಲದೆ ಅವರನ್ನು ಕಂಡವರಿಲ್ಲ. ಅವರ ಬಾಯಿಂದ ಸುಳ್ಳು ಬಂದದ್ದನ್ನು ಕೇಳಿದವರೂ ಇಲ್ಲ. ಕಾಲುವೆಯ ಕಡೆಯ ಹೊಲದವರು ನೀರಿನ ಜಗಳ ತಂದಾಗ, "ಸ್ವಾಮ್ಯಾರು ಏನ್ ಹೇಳ್ತಾರೋ ಅದಾ" ಎಂದು ಎರಡೂ ಕಡೆಯವರು ಒಪ್ಪಿಕೊಂಡು ಹೋಗುತ್ತಿದ್ದರು.

ಆಷಾಢದ ಆ ಸೋಮವಾರ ಬೆಳಿಗ್ಗೆ ರೇಣುಕಾದೇವಿ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದಳು. ಕುರೆಕುಪ್ಪದ ಹುಡುಗಿ. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಹೊಸಪೇಟೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಜೊತೆಗೆ ಸಂಘದ ಸೆಕ್ರೆಟರಿ ದುರುಗಣ್ಣನೂ ಬಂದಿದ್ದ. ಇನ್ನೊಬ್ಬ ಆಪರೇಟರು ಮಹಾಂತೇಶ ಪಾಳಿ ಮುಗಿಸಿ ಹೊರಟವನು ಪೇಡೆ ಕಂಡು ನಿಂತ.

"ಕಾಕಾ, ಮೊದಲ ಬಾಯಿ ಸಿಹಿ ಮಾಡ್ಕೊರಿ, ಆಮ್ಯಾಲೆ ಹೇಳ್ತೀನಿ."

"ಏನವ್ವಾ, ಲಗ್ನ ಗೊತ್ತಾತೇನು?"

"ಲಗ್ನಕ್ಕಿಂತ ದೊಡ್ಡದು ಕಾಕಾ. ನನ್ನ ಕೆಲಸ ಮುಗೀತು."

ಯಂತ್ರವೊಂದು ಇಷ್ಟು ವರ್ಷ ಹೇಗೆ ಓಡಿದೆ ಎಂಬುದನ್ನು ನೋಡಿ, ಮುಂದೆ ಅದು ಹೇಗೆ ಓಡೀತು, ಯಾವಾಗ ಕೈಕೊಟ್ಟೀತು ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದು ಅವಳ ಸಂಶೋಧನೆ. ಪಂಪಿಗೆ ಹೊಸ ಮೀಟರುಗಳನ್ನು ಕೂರಿಸಿ ನೋಡುತ್ತೇನೆಂದು ಅವಳು ಮೊದಲಿಗೆ ಕೇಳಿದ್ದಳು. ಓಡುವ ಪಂಪಿಗೆ ತೂತು ಕೊರೆಯುವುದು ಬೇಡ ಎಂದು ಸಂಘ ಒಪ್ಪಲಿಲ್ಲ. ಆಗ ಅವಳ ಗೈಡು, ಹದಿನಾಲ್ಕು ವರ್ಷ ಗಂಟೆಗಂಟೆಗೂ ಬರೆದ ರಿಜಿಸ್ಟರು ಇರುವಾಗ ಮೀಟರು ಯಾಕೆ, ಇಂಥ ದಾಖಲೆ ದೇಶದಲ್ಲೇ ಸಿಗುವುದು ಕಷ್ಟ ಎಂದಿದ್ದರಂತೆ.

ಅವಳು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದಳು. ಪರದೆಯ ಮೇಲೆ ಒಂದು ಕೆಂಪು ಗೆರೆ, ಒಂದು ನೀಲಿ ಗೆರೆ. ಜೋಡಿ ಎತ್ತುಗಳ ಹಾಗೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದವು.

"ಕೆಂಪು ಐತಲ್ಲ, ಅದು ಎರಡನೇ ನಂಬರ್ ಪಂಪಿನ ಬೇರಿಂಗ್ ಬಿಸಿ, ನೀವು ಬರ್ದದ್ದು. ನೀಲಿ, ಕಂಪ್ಯೂಟರ್ ಹೇಳಿದ್ದು. ಹದಿನಾಲ್ಕು ವರ್ಷದ್ದು ತೋರ್ಸಿ ಅದಕ್ಕ ಕಲಿಸಿದೆ. ಉಳಿದ ಮೂರು ವರ್ಷದ್ದು ಮುಚ್ಚಿಟ್ಟು, ಈಗ ನೀ ಹೇಳಪಾ ಅಂದೆ. ನೂರಕ್ಕ ತೊಂಬತ್ತಾರು ಸರಿ ಹೇಳ್ತು ಕಾಕಾ! ಗೈಡ್ ಸರ್ ನಂಬಲಿಲ್ಲ, ಮೂರು ಸಲ ಮಾಡ್ಸಿದ್ರು."

ಟವಲಿನ ತುದಿಗೆ ಪೇಡೆ ಕಟ್ಟಿಕೊಳ್ಳುತ್ತಿದ್ದ ಕೊಟ್ರಯ್ಯನವರ ಕೈ ನಿಂತಿತು.

"ಇನ್ನೊಂದು ಮಜಾ ಕೇಳ್ರಿ. ಸೋಮವಾರ ಸೋಮವಾರ ಬಿಸಿ ಒಂದು ನಾಕು ಡಿಗ್ರಿ ಕಡಿಮಿ ಇರ್ತೈತಿ. ಮಧ್ಯಾಹ್ನ ಏರೋದೇ ಇಲ್ಲ. ಯಾಕ ಅಂತ ನಮಗ ಇನ್ನೂ ತಿಳಿದಿಲ್ಲ. ವೋಲ್ಟೇಜು ಏನರ ಇರಬೇಕಂತ ಸರ್ ಅದಕ್ಕ ಒಂದು ಅಧ್ಯಾಯನೇ ಬರ್ಸ್ಯಾರ."

ಯಾಕೆಂದು ಕೊಟ್ರಯ್ಯನವರಿಗೆ ತಿಳಿದಿತ್ತು. ಸೋಮವಾರ ಅವರದು ಉಪವಾಸ. ಆ ದಿನದ ತಮ್ಮ ಪಾಳಿಯ ಅಂಕಿಗಳನ್ನು ಬೆಳಿಗ್ಗೆ ಏಳಕ್ಕೇ, ಅಷ್ಟೂ ಸಾಲು, ಒಂದೇ ಉಸಿರಿಗೆ ಬರೆದು ಮುಗಿಸಿ ಅವರು ಮಧ್ಯಾಹ್ನ ಪಂಚಾಕ್ಷರಿ ಜಪಕ್ಕೆ ಕೂರುತ್ತಿದ್ದರು. ಉಳಿದ ದಿನ ಮಧ್ಯಾಹ್ನಕ್ಕೆ ಐವತ್ತೆಂಟು ಬರೆಯುವ ಕೈ, ಸೋಮವಾರದ ಅವಸರದಲ್ಲಿ ಐವತ್ತನಾಲ್ಕನ್ನೇ ಕೆಳಗಿನತನಕ ಎಳೆಯುತ್ತಿತ್ತು.

ಬಿಸಿ ತೋರಿಸುವ ಮುಳ್ಳು ಕೆಟ್ಟು ಹದಿನಾರು ವರ್ಷವಾಗಿತ್ತು.

"ಮುಖ್ಯ ಮಾತು ಹೇಳಮ್ಮ," ಎಂದ ದುರುಗಣ್ಣ.

"ಹದಿನೇಳು ವರ್ಷದಾಗ ಎರಡನೇ ನಂಬರು ಕೆಟ್ಟು ನಿಂತಿದ್ದು ಒಂದೇ ಸಲ ಕಾಕಾ. ಅದು ಬಿಟ್ರ ನಿಂತಿದ್ದೆಲ್ಲಾ ಕರೆಂಟ್ ಹೋಗಿ. ಲೆಕ್ಕದ ಪ್ರಕಾರ ಇನ್ನ ಇಪ್ಪತ್ತಾರು ತಿಂಗಳು ಅದಕ್ಕೆ ಏನೂ ಆಗಂಗಿಲ್ಲ."

"ಕೇಳಿದ್ರೇನ್ರಿ ಸ್ವಾಮ್ಯಾರ? ಮೂರು ವರ್ಷಕ್ಕೊಮ್ಮೆ ಪಂಪ್ ಬಿಚ್ಚಿ ಇಪ್ಪತ್ತು ದಿನ ಕುಂದ್ರೋದು, ರೈತರ ಕಡೆ ಬೈಸಿಕೊಳ್ಳೋದು, ಈ ಸಲ ಬ್ಯಾಡ. ಭತ್ತದ ಸಸಿ ಮಡಿಯಾಗ ಎದ್ದು ನಿಂತಾವ. ಶುಕ್ರವಾರ ನೇರ ಶುರು ಮಾಡೋದು. ನಾಕು ತಿಂಗಳು ನಿಲ್ಲಂಗಿಲ್ಲ." ದುರುಗಣ್ಣ ಮಹಾಂತೇಶನ ಬೆನ್ನು ತಟ್ಟಿದ. "ಸ್ವಾಮ್ಯಾರು ಮನಿಗೆ ಹೋದಮ್ಯಾಲೆ ಎರಡನೇ ನಂಬರು ನಿಂದ. ಮಸ್ತ್ ಆತಲ್ಲ? ಕಾಲ ಮ್ಯಾಲೆ ಕಾಲ ಹಾಕ್ಕೊಂಡು ಕುಂದ್ರು."

ಮಹಾಂತೇಶ ನಕ್ಕ. ಅವನು ಕೂರುವ ಜಾಗ ಎಲ್ಲರಿಗೂ ಗೊತ್ತು. ಮೋಟಾರಿಗೂ ಪಂಪಿಗೂ ನಡುವೆ ಎರಡನ್ನೂ ಜೋಡಿಸುವ, ಮೊರದಷ್ಟು ಅಗಲದ ಕಬ್ಬಿಣದ ಚಕ್ರವೊಂದು ತಿರುಗುತ್ತದೆ. ಓಡುವಾಗ ಅದು ಗಾಳಿ ಬೀಸುತ್ತದೆ. ಬಿಸಿಲಿನ ದಿನಗಳಲ್ಲಿ ಆಪರೇಟರುಗಳು ಕುರ್ಚಿ ಹಾಕಿಕೊಂಡು ಕೂರುವುದು ಅದರ ಮಗ್ಗುಲಿಗೇ.

ರೇಣುಕಾದೇವಿ ಹೊರಡುವ ಮುಂಚೆ ತನ್ನ ಸಂಶೋಧನೆಯ ದಪ್ಪ ಪುಸ್ತಕವನ್ನು ತೆರೆದು ಒಂದು ಪುಟದ ಮೇಲೆ ಬೆರಳಿಟ್ಟು ತೋರಿಸಿದಳು. ಇಂಗ್ಲಿಷಿನ ಸಾಲುಗಳ ನಡುವೆ ತಮ್ಮ ಹೆಸರನ್ನು ಕೊಟ್ರಯ್ಯನವರು ಕಷ್ಟಪಟ್ಟು ಕೂಡಿಸಿ ಓದಿಕೊಂಡರು.

"ನಿಮಗ ಕೃತಜ್ಞತೆ ಬರ್ದೀನಿ ಕಾಕಾ. ಇಂಥ ಪ್ರಾಮಾಣಿಕ ಮನುಷ್ಯನ ಕೈಬರಹ ಇಲ್ದಿದ್ರ ಇದು ಆಗ್ತಿರ್ಲಿಲ್ಲ ಅಂತ."

ಕೊಟ್ರಯ್ಯನವರು ಪುಸ್ತಕವನ್ನು ಮುಚ್ಚಿಟ್ಟರು. ಕುರ್ಚಿಯ ಕೈ ಹಿಡಿದು ಕೂತರು. ಬಿಸಿಲಿಗೆ ತಲೆ ಸುತ್ತಿರಬೇಕೆಂದು ಮಹಾಂತೇಶ ನೀರು ತಂದುಕೊಟ್ಟ.

ಅದು ಹೇಗೆ ಶುರುವಾಯಿತು ಎಂದರೆ, ಒಂದು ಸಲ ನಿಜ ಬರೆದದ್ದರಿಂದ.

ಕೆಲಸಕ್ಕೆ ಸೇರಿದ ವರ್ಷ ಎರಡನೇ ನಂಬರಿನ ಬೇರಿಂಗು ಸುಡುತ್ತಿತ್ತು. ಗೋಡೆಯ ಮೇಲಿನ ಹಲಗೆಯಲ್ಲಿ ಬರೆದಿತ್ತು: ಬಿಸಿ ಅರವತ್ತೈದು ದಾಟಿದರೆ ಪಂಪು ನಿಲ್ಲಿಸಿ, ಕಾರಣ ಬರೆದು ತಿಳಿಸತಕ್ಕದ್ದು. ಅವರು ನಿಲ್ಲಿಸಿದರು, ಬರೆದರು. ಆಗಿನ ಸೆಕ್ರೆಟರಿ ಮರುದಿನ ಮೂವತ್ತು ಜನ ರೈತರ ಎದುರು ಅವರನ್ನು ನಿಲ್ಲಿಸಿ, "ಇವನ ಕೈಗುಣಕ್ಕ ಪಂಪು ಕೆಡ್ತು" ಅಂದ. ನೋಟೀಸು ಕೊಟ್ಟ. ಯಾರದೋ ಹೊಲಕ್ಕೆ ನೀರು ತಪ್ಪಿತ್ತು. ಆತ ಕೊಟ್ರಯ್ಯನವರ ಹೆಗಲಿನ ಟವಲು ಕಿತ್ತು ನೆಲಕ್ಕೆಸೆದ.

ಕೆಲಸ ಕಲಿಸಿದ ಹಿರಿಯ ಆಪರೇಟರು ಮೂಕಪ್ಪ ಅವತ್ತು ಟವಲು ಕೊಡವಿ ಕೊಟ್ಟು ಹೇಳಿದ್ದ: "ಸ್ವಾಮ್ಯಾರ, ಇನ್ನ ಮುಂದ ಕರೆಂಟ್ ಇಲ್ಲ ಅಂತ ಬರೀರಿ. ನಾವೆಲ್ಲಾ ಹಂಗಾ ಬರೆಯೋದು. ಕರೆಂಟಿಗೆ ಯಾರೂ ನೋಟೀಸ್ ಕೊಡಂಗಿಲ್ಲ."

ಮರುವರ್ಷ ಮುಳ್ಳು ಕೆಟ್ಟಾಗ, ಅದಿಲ್ಲದೆ ಬಿಸಿ ನೋಡುವುದನ್ನೂ ಮೂಕಪ್ಪನೇ ಕಲಿಸಿದ. ಬೇರಿಂಗಿನ ಮೇಲೆ ಅಂಗೈ ಇಟ್ಟು ಹನ್ನೊಂದು ಎಣಿಸುವುದು. ಕೊಟ್ರಯ್ಯನವರು ಎಣಿಸುವ ಬದಲು ಹನ್ನೊಂದು ಸಲ ನಮಃ ಶಿವಾಯ ಹೇಳಿಕೊಳ್ಳುತ್ತಿದ್ದರು. ಹನ್ನೊಂದರ ತನಕ ಕೈ ತಾಳಿದರೆ ಚಿಂತೆಯಿಲ್ಲ. ಐದಕ್ಕೇ ಕೈ ಎತ್ತಬೇಕಾಗಿ ಬಂದರೆ ಪಂಪು ನಿಲ್ಲಿಸಿ, ನೆನೆಸಿದ ಗೋಣಿಚೀಲ ಹೊದಿಸಿ, ಗ್ರೀಸು ತುಂಬಿ, ಎರಡು ತಾಸು ಬಿಟ್ಟು ಮತ್ತೆ ಶುರು ಮಾಡುವುದು. ರಿಜಿಸ್ಟರಿನಲ್ಲಿ ಆ ಎರಡು ತಾಸಿನ ಮುಂದೆ "ಕರೆಂಟ್ ಇಲ್ಲ". ಉಳಿದ ತಾಸುಗಳ ಮುಂದೆ ಐವತ್ತೆರಡು, ಐವತ್ತನಾಲ್ಕು, ಐವತ್ತೆಂಟು. ಇದು ಸುಳ್ಳು ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಪಂಪನ್ನು ಅವರು ನಿಜವಾಗಿಯೇ ನೋಡಿಕೊಂಡಿದ್ದರು. ಪುಸ್ತಕ ತುಂಬಿಸುವುದು ಬೇರೆ ಕೆಲಸ, ಅಂಗಳ ಗುಡಿಸಿದ ಹಾಗೆ.

ಅವತ್ತು ಸಂಜೆ ಪೂಜೆಗೆ ಕೂತವರು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಬಹಳ ಹೊತ್ತು ಹಾಗೇ ಇದ್ದರು. ಮಂತ್ರ ಐದಕ್ಕೇ ನಿಂತುಬಿಡುತ್ತಿತ್ತು. ಹೆಂಡತಿ ಜಂಬಮ್ಮ ಅಡುಗೆ ಮನೆಯಿಂದ ಎರಡು ಸಲ ಇಣುಕಿ ನೋಡಿ, ಮೂರನೇ ಸಲ ಒಳಗೇ ಬಂದರು.

"ಏನ್ರಿ, ಶಿವನ ಜೋಡಿ ಜಗಳ ತಗದೀರೇನು? ಉಪವಾಸ ಬಿಡೋ ಹೊತ್ತು ಮೀರಿ ಹೋತು."

ಕೊಟ್ರಯ್ಯನವರು ಹೇಳಿದರು. ಎಲ್ಲವನ್ನೂ, ಟವಲಿನಿಂದ ಹಿಡಿದು ಪೇಡೆಯ ತನಕ. ಜಂಬಮ್ಮ ಬಾಗಿಲಿನ ಚೌಕಟ್ಟಿಗೆ ಒರಗಿದವರು ಅಲ್ಲೇ ಜಾರಿ ಕೂತರು.

"ಹದಿನೇಳು ವರ್ಷಾನೂ?"

"ಹದಿನೇಳು ವರ್ಷಾನೂ."

"ನಾ ಪಕ್ಕದ ಮನಿಯಾಕಿಗೆ ಸಕ್ಕರಿ ಇಲ್ಲ ಅಂತ ಒಂದು ಮಾತು ಅಂದಿದ್ದಕ್ಕ ನೀವು ಮೂರು ದಿನ ನನ್ನ ಕೂಡ ಮಾತು ಬಿಟ್ಟಿದ್ರಿ."

ಅವರು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡರು.

"ಆ ಹುಡುಗಿ ಪರೀಕ್ಷಿ ಕೆಡ್ತೈತಿ ಅಂತ ಚಿಂತಿಯೇನು ನಿಮಗ?"

"ಅದೂ ಐತಿ. ಆದ್ರ ಅದಲ್ಲ ಜಂಬವ್ವ. ಈಗೀಗ ಕೈ ಐದಕ್ಕ ಅಲ್ಲ, ಮೂರಕ್ಕೇ ಎತ್ತಬೇಕಾಗ್ತೈತಿ. ಅದನ್ನ ಬಿಚ್ಚಿ ನೋಡ್ಲಿಲ್ಲಂದ್ರ ಏನಾಗ್ತೈತೋ ನನಗ ಗೊತ್ತಿಲ್ಲ. ಅವರು ಬಿಚ್ಚಂಗಿಲ್ಲ ಅಂತಾರ. ಯಾಕ ಅಂದ್ರ ನಾ ಬರ್ದದ್ದನ್ನ ನಂಬ್ಯಾರ."

ಜಂಬಮ್ಮ ಎದ್ದು ಹೋಗಿ ಅಂಬಲಿಯ ಬಟ್ಟಲು ತಂದು ಮುಂದಿಟ್ಟರು. "ಉಣ್ರಿ. ಉಂಡು ಹೋಗಿ ಹೇಳ್ರಿ. ನನ್ನ ಮುಖ ಏನ್ ನೋಡ್ತೀರಿ, ನಾ ಸೆಕ್ರೆಟರಿನಾ?"

ಮಂಗಳವಾರ ಅವರು ಮೊದಲು ಹೇಳಿದ್ದು ಮಹಾಂತೇಶನಿಗೆ. ಅವನು ಮೊದಲಿಗೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಂಗಾದ್ರ ಕಂಪ್ಯೂಟರ್ ಪಂಪು ಕಲ್ತಿಲ್ಲ, ನಿಮ್ಮ ಕೈ ಕಲ್ತೈತಿ! ಸ್ವಾಮ್ಯಾರ, ನೀವು ಸತ್ರೂ ಅದು ರಿಜಿಸ್ಟರ್ ಬರಕೊಂತ ಇರ್ತೈತಿ!"

ನಗುತ್ತಾ ನಗುತ್ತಾ ಅವನ ಮುಖ ಬಿಳುಚಿತು. ಅವನ ಪಾಳಿಯ ಅಂಕಿಗಳೂ ಅದೇ ಕೈಯನ್ನು ನೋಡಿ ಬರೆದವು. ಒಂಬತ್ತು ವರ್ಷ.

"ಬ್ಯಾಡ್ರಿ ಸ್ವಾಮ್ಯಾರ. ಬಾಯಿ ಬಿಟ್ರ ಇಬ್ಬರೂ ಹೋಗ್ತೀವಿ. ನಿಮಗೇನು, ಇನ್ನೊಂದು ತಿಂಗಳು. ನನಗ ಎರಡು ಹೆಣ್ಣುಮಕ್ಕಳು ಅದಾವ."

"ಅದಕ್ಕಾ ಹೇಳ್ತೀನಪಾ. ನಾಕು ತಿಂಗಳು ಅದರ ಮಗ್ಗಲ ಕುಂದ್ರಾವ ನೀನು."

ಬುಧವಾರ ಬೆಳಿಗ್ಗೆ ಬಸ್ಸು ಹಿಡಿದು, ಕಮಲಾಪುರ ದಾಟಿ ಹೊಸಪೇಟೆಯಲ್ಲಿ ಇಳಿದು, ಆಟೋದವನಿಗೆ ಕಾಲೇಜಿನ ಹೆಸರು ಹೇಳಿದರು. ರೇಣುಕಾದೇವಿ ಓಡಿ ಬಂದು, "ಬರ್ರಿ ಕಾಕಾ, ಕುಂದ್ರಿ" ಎಂದು ಕುರ್ಚಿ ಎಳೆದು, ಚಹಾ ತರಲು ಹೊರಟಳು. ಅವರು ಅವಳ ಕೈ ಹಿಡಿದು ನಿಲ್ಲಿಸಿದರು. ಕೂರಲಿಲ್ಲ. ನಿಂತುಕೊಂಡೇ ಹೇಳಿದರು.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಮತ್ತೆ ಹೇಳಿದರು. ಅವಳು ಲ್ಯಾಪ್‌ಟಾಪಿನ ಕಡೆ ನೋಡಿದಳು, ಅವರ ಕಡೆ ನೋಡಿದಳು. ಪರದೆಯ ಮೇಲೆ ಕೆಂಪು ಗೆರೆಯೂ ನೀಲಿ ಗೆರೆಯೂ ಒಟ್ಟಿಗೇ ಏರಿ ಇಳಿಯುತ್ತಿದ್ದವು.

"ಸೋಮವಾರ?" ಎಂದಳು ಕಡೆಗೆ.

"ಉಪವಾಸ ತಂಗಿ. ಬೆಳಿಗ್ಗೇನೇ ಬರ್ದುಬಿಡ್ತಿದ್ದೆ."

ಅವಳು ನಕ್ಕ ಹಾಗೆ ಸದ್ದು ಮಾಡಿದಳು. ಆದರೆ ಅದು ನಗುವಾಗಿರಲಿಲ್ಲ. "ಅದಕ್ಕ ಮೂವತ್ತೆಂಟು ಪುಟ ಬರ್ದೀನಿ ಕಾಕಾ. ಮೂವತ್ತೆಂಟು ಪುಟ. ಮೂರು ವರ್ಷ ಕಣ್ಣು ಹೋಗೋ ಹಂಗ ಒಂದೊಂದಾ ಅಂಕಿ ಕಂಪ್ಯೂಟರಿಗೆ ಹಾಕೀನಿ. ಅಪ್ಪ ನನ್ನ ಫೀಸಿಗಂತ ಎರಡು ಪಾಳಿ ಮಾಡ್ಯಾನ. ನೀವು ಮಂಡಕ್ಕಿ ತರ್ಸಿಕೊಟ್ಟು ಎದುರಿಗೇ ಕುಂತಿದ್ರಿ. ಒಂದು ಮಾತು ಹೇಳಾಕ ಏನಾಗಿತ್ತು ನಿಮಗ?"

"ನೀ ಅದನ್ನ ಓದ್ತಿ ಅಂತ ನನಗ ತಿಳೀಲಿಲ್ಲವ್ವಾ."

ಅವಳು ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ಹೋಗಿ ನಿಂತಳು. ಕೊಟ್ರಯ್ಯನವರು ಬಾಗಿಲಲ್ಲಿ ಕೈಕಟ್ಟಿಕೊಂಡು ನಿಂತೇ ಇದ್ದರು, ಶಾಲೆಯಲ್ಲಿ ತಪ್ಪು ಮಾಡಿದ ಮಗುವಿನ ಹಾಗೆ. ಹೊರಗೆ ಅದಿರಿನ ಲಾರಿಗಳು ಒಂದರ ಹಿಂದೊಂದು ಹೋದವು. ಅವಳು ತಿರುಗಿದಾಗ ಕಣ್ಣು ಕೆಂಪಗಿದ್ದವು. ಆದರೆ ದನಿ ಬೇರೆಯಾಗಿತ್ತು.

"ಕರೆಂಟ್ ಇಲ್ಲ ಅಂತ ಬರ್ದದ್ದೆಲ್ಲಾ ಸುಳ್ಳೇನು?"

"ಇಲ್ಲಿಲ್ಲ. ಭಾಳ ಸಲ ಖರೇನೇ ಹೋಗಿರ್ತಿತ್ತು."

"ಯಾವುದು ಖರೇ, ಯಾವುದು ಸುಳ್ಳು?"

"ನೆನಪಿಲ್ಲ ತಂಗಿ. ನೂರಾರು ಸಲ."

ಅವಳು ಲ್ಯಾಪ್‌ಟಾಪ್ ಮುಚ್ಚಿ, "ಕರೆಂಟ್ ಕೊಡೋರ ಹತ್ರ ಅವರದೇ ಒಂದು ಪುಸ್ತಕ ಇರ್ತೈತಲ್ಲ?" ಎಂದಳು.

ಗುರುವಾರ ಇಬ್ಬರೂ ಪಂಪ್‌ಹೌಸಿಗೆ ವಿದ್ಯುತ್ ಕೊಡುವ ಸಬ್‌ಸ್ಟೇಷನ್ನಿಗೆ ಹೋದರು. ಅಲ್ಲಿನ ಇಂಜಿನಿಯರು ಅಂಜಲಿ ಎಂಬವಳು ರೇಣುಕಾದೇವಿಯ ಜೊತೆ ಓದಿದವಳು. ಯಾವ ಲೈನಿನಲ್ಲಿ ಎಷ್ಟು ಗಂಟೆಗೆ ವಿದ್ಯುತ್ ಹೋಯಿತು, ಎಷ್ಟಕ್ಕೆ ಬಂತು ಎಂಬ ಪುಸ್ತಕಗಳನ್ನು ಅವಳು ಧೂಳು ಹೊಡೆದು ಮೇಜಿನ ಮೇಲೆ ಪೇರಿಸಿದಳು. ಒಂದು ಕಡೆ ಕೊಟ್ರಯ್ಯನವರ ರಿಜಿಸ್ಟರು, ಇನ್ನೊಂದು ಕಡೆ ಸಬ್‌ಸ್ಟೇಷನ್ನಿನದು. ರೇಣುಕಾದೇವಿ ತಾರೀಕು ಓದುವಳು, ಅಂಜಲಿ ಹುಡುಕಿ "ಹೂಂ, ಹೋಗಿತ್ತು" ಎನ್ನುವಳು. "ಹೋಗಿತ್ತು. ಹೋಗಿತ್ತು." ಆಮೇಲೆ ಒಮ್ಮೆ, "ಇಲ್ಲ. ಅವತ್ತು ಇಡೀ ದಿನ ಕರೆಂಟ್ ಇತ್ತು."

ಪ್ರತಿಯೊಂದು "ಇತ್ತು" ಎಂಬ ಮಾತಿಗೂ ಕೊಟ್ರಯ್ಯನವರ ಕಿವಿ ಬಿಸಿಯಾಗುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಕೂತವರು ಏಳುವಾಗ ನಾಲ್ಕು ದಾಟಿತ್ತು. ನೂರಾ ತೊಂಬತ್ತು ಚಿಲ್ಲರೆ ಸಲ ನಿಜವಾಗಿ ಕರೆಂಟು ಹೋಗಿತ್ತು. ನಲವತ್ಮೂರು ಸಲ ಹೋಗಿರಲಿಲ್ಲ. ಐದು ಸಲದ್ದು, ಪುಸ್ತಕವನ್ನು ಗೆದ್ದಲು ತಿಂದು ಗೊತ್ತಾಗಲಿಲ್ಲ.

ರೇಣುಕಾದೇವಿ ಆ ನಲವತ್ಮೂರು ತಾರೀಕುಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಂಡಳು. ಪಂಪು ಓಡಿದ ದಿನಗಳನ್ನಷ್ಟೇ ಲೆಕ್ಕ ಹಿಡಿದು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ದಿನ ಎಂದು ಪಕ್ಕದಲ್ಲಿ ಬರೆಯುತ್ತಾ ಹೋದಳು. ಅರ್ಧ ಹಾಳೆಗೆ ಬರುವಾಗ ಅವಳ ಪೆನ್ನು ನಿಧಾನವಾಯಿತು. ಕೆಳಗೆ ಬಂದಾಗ ನಿಂತಿತು. ಹಾಳೆಯನ್ನು ಅವರ ಕಡೆ ತಳ್ಳಿದಳು.

ಮೊದಲ ಸಲ ಬಿಸಿಯಾದ ಮೇಲೆ ಎರಡನೆಯದಕ್ಕೆ ನೂರಾ ಎಂಬತ್ತು ದಿನ. ಆಮೇಲೆ ನೂರಾ ಐವತ್ತು. ಪಂಪು ಬಿಚ್ಚಿ ಹೊಸ ಬೇರಿಂಗು ಹಾಕಿದ ವರ್ಷಗಳಲ್ಲಿ ಸ್ವಲ್ಪ ಏರಿ, ಮತ್ತೆ ಇಳಿದಿತ್ತು. ತೊಂಬತ್ತು. ಅರವತ್ತು. ಹೋದ ವರ್ಷ ಇಪ್ಪತ್ತೆರಡು. ಈ ಬೇಸಿಗೆ ಬೆಳೆಯಲ್ಲಿ ಹದಿನೈದು, ಹನ್ನೊಂದು, ಆರು. ಕಡೆಯದು ನಾಲ್ಕು.

ಕೊಟ್ರಯ್ಯನವರು ಹಾಳೆ ಹಿಡಿದ ಕೈಯನ್ನು ಮೇಜಿಗೆ ಊರಿದರು. ಪ್ರತಿಯೊಂದು ಸಲವೂ ಅಂಗೈ ಇಟ್ಟವರು ಅವರು, ಗೋಣಿಚೀಲ ಹೊದಿಸಿದವರು ಅವರು. ಪ್ರತಿ ಸಲವೂ ಇದೊಂದು ಸಲ ಎಂದುಕೊಂಡಿದ್ದರು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ. ನೋಡಲು ಬರೆದಿಟ್ಟಿದ್ದರೆ ತಾನೇ?

"ಹೊಸ ಬೇರಿಂಗ್ ಹಾಕಿದ್ರೂ ಮತ್ತ ಇಳೀತೈತಿ ಅಂದ್ರ ರೋಗ ಬೇರಿಂಗಿಂದಲ್ಲ ಕಾಕಾ," ಎಂದಳು ರೇಣುಕಾದೇವಿ. "ಅದರ ಒಳಗ ಹಾದು ಹೋಗೋ ಶಾಫ್ಟಿನಾಗ ಏನೋ ಐತಿ. ನಾ ಸಂಘಕ್ಕ ಇಪ್ಪತ್ತಾರು ತಿಂಗಳು ಅಂತ ಬರ್ದುಕೊಟ್ಟೀನಿ. ನನ್ನ ಸಹಿ ಐತಿ ಅದರ ಮ್ಯಾಲೆ."

ಶುಕ್ರವಾರ ಬೆಳಿಗ್ಗೆ ಪಂಪ್‌ಹೌಸಿನ ಮುಂದೆ ಐವತ್ತು ಜನ ಸೇರಿದ್ದರು. ತೆಂಗಿನಕಾಯಿ, ಊದುಬತ್ತಿ ಬಂದಿದ್ದವು. ಮೊದಲ ನೀರಿಗೆ ಪೂಜೆ. ಮಹಾಂತೇಶ ಸ್ವಿಚ್ಚಿನ ಹತ್ತಿರ ನಿಂತಿದ್ದ. ಬಾಗಿಲ ಬಳಿ ರೇಣುಕಾದೇವಿ ಮಡಚಿದ ಕಾಗದವೊಂದನ್ನು ಹಿಡಿದು ನಿಂತಿದ್ದಳು.

"ಸ್ವಾಮ್ಯಾರ, ಕಾಯಿ ಒಡೀರಿ, ಜಲ್ದಿ," ಎಂದ ದುರುಗಣ್ಣ.

ಕೊಟ್ರಯ್ಯನವರು ಕಾಯಿಯನ್ನು ಕೆಳಗಿಟ್ಟರು. ಹೆಗಲ ಮೇಲಿನ ಟವಲನ್ನು ತಾವೇ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಎರಡನೇ ನಂಬರು ಶುರು ಮಾಡಬ್ಯಾಡ್ರಿ. ನಾ ಬರ್ದಿದ್ದ ಲೆಕ್ಕ ಸುಳ್ಳು. ಈಕಿದು ತಪ್ಪಿಲ್ಲ. ಈಕಿ ನನ್ನ ನಂಬಿದ್ಲು."

ಹೊಳೆಯ ನೀರಿನ ಸದ್ದು ಕೇಳಿಸುತ್ತಿತ್ತು. ಅವರು ಎಲ್ಲವನ್ನೂ ಹೇಳಿದರು. ತಮ್ಮ ಪಾಳಿಯದು ಮಾತ್ರ ಹೇಳಿದರು. ಆಗ ಮಹಾಂತೇಶನೇ ಮುಂದೆ ಬಂದು, "ನಂದೂ ಹಂಗಾ ಐತ್ರಿ," ಎಂದ. ರೇಣುಕಾದೇವಿ ತನ್ನ ವರದಿಯನ್ನು ಹಿಂದಕ್ಕೆ ತೆಗೆದುಕೊಂಡಿರುವುದಾಗಿ ಬರೆದ ಕಾಗದವನ್ನು ದುರುಗಣ್ಣನ ಕೈಗಿಟ್ಟಳು.

ಆಮೇಲೆ ಗದ್ದಲವೆದ್ದಿತು. ಎಂಟು ಎಕರೆಗೆ ಸಸಿ ಹಾಕಿದ್ದ ರೇವಣಸಿದ್ದ ಎಂಬ ರೈತ ಎಲ್ಲರಿಗಿಂತ ಜೋರಾಗಿ ಕೂಗಿದ.

"ಅಯ್ಯಾರ, ನೀವಾ? ಬ್ಯಾರೆ ಯಾರರ ಹೇಳಿದ್ರ ನಾ ಹಲ್ಲು ಉದುರಿಸ್ತಿದ್ದೆ. ನನ್ನ ಸಸಿ ಬಲಿತು ಹೋಗಾಕ ಹತ್ತ್ಯಾವ್ರಿ!"

"ಗೊತ್ತೈತಪಾ ರೇವಣಸಿದ್ದ. ಒಂದನೇದು, ಮೂರನೇದು ಹಚ್ಚೋಣ. ಒಬ್ಬರಾದ ಮ್ಯಾಲೆ ಒಬ್ಬರಿಗೆ ನೀರು ಬಿಡೋಣ. ಇದನ್ನ ಬಿಚ್ಚಿ ನೋಡ್ರಿ. ಏನೂ ಇಲ್ಲಂದ್ರ ನನ್ನ ಇಲ್ಲೇ ಹೊಡೀರಿ."

ದುರುಗಣ್ಣ ಕಾಗದವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. "ಎರಡು ದಿನ," ಎಂದ. "ಎರಡಾ ದಿನ ಸ್ವಾಮ್ಯಾರ. ಆಮ್ಯಾಲೆ ನಿಮ್ಮ ವಿಚಾರ ಮಾಡ್ತೀನಿ."

ಭಾನುವಾರ ಮಧ್ಯಾಹ್ನ ಹೊಸಪೇಟೆಯಿಂದ ಬಂದ ಫಿಟ್ಟರು ಶಾಫ್ಟನ್ನು ಹೊರಗೆಳೆದು ಎರಡು ಮರದ ದಿಮ್ಮಿಗಳ ಮೇಲೆ ಮಲಗಿಸಿದ. ತೊಡೆಯಷ್ಟು ದಪ್ಪ ಉಕ್ಕು. ಎಣ್ಣೆ ಒರೆಸಿದ ಮೇಲೆ ಕನ್ನಡಿಯ ಹಾಗೆ ಹೊಳೆಯಿತು. ರೇವಣಸಿದ್ದ ಬಗ್ಗಿ ನೋಡಿ, "ಏನೈತ್ರಿ ಇದಕ್ಕ? ಮದುಮಗನಂಗ ಐತಿ," ಎಂದ.

ಕೊಟ್ರಯ್ಯನವರೂ ಬಗ್ಗಿ ನೋಡಿದರು. ಅವರಿಗೂ ಏನೂ ಕಾಣಲಿಲ್ಲ.

ಫಿಟ್ಟರು ಮಾತಾಡದೆ ಒಂದು ಡಬ್ಬಿಯಿಂದ ಕೆಂಪು ದ್ರವವನ್ನು ಬೇರಿಂಗು ಕೂರುವ ಜಾಗಕ್ಕೆ ಸಿಂಪಡಿಸಿದ. ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಪೂರಾ ಒರೆಸಿದ. ಇನ್ನೊಂದು ಡಬ್ಬಿಯಿಂದ ಬಿಳಿ ಪುಡಿ ಊದಿದ. ಎಲ್ಲರೂ ನೋಡುತ್ತಿದ್ದ ಹಾಗೆಯೇ ಆ ಬಿಳುಪಿನೊಳಗಿಂದ ತೆಳ್ಳಗೆ ಒಂದು ಕೆಂಪು ಗೆರೆ ಮೂಡತೊಡಗಿತು. ಮೊದಲು ಕೂದಲೆಳೆಯಷ್ಟು. ಆಮೇಲೆ ದಾರದಷ್ಟು. ಅದು ಶಾಫ್ಟಿನ ಮಗ್ಗುಲಲ್ಲಿ ಸಾಗಿ, ಕೆಳಗೆ ಹಾದು, ಆಚೆಯಿಂದ ಮೇಲೆ ಬಂದು, ಹೊರಟ ಜಾಗಕ್ಕೆ ನಾಲ್ಕು ಬೆರಳು ಉಳಿದಿದ್ದಾಗ ನಿಂತಿತು.

"ಸೀಳು," ಎಂದ ಫಿಟ್ಟರು. "ದೂರ ಸರೀರಿ."

ದೊಡ್ಡ ಸುತ್ತಿಗೆ ಎತ್ತಿ ಶಾಫ್ಟಿನ ತುದಿಗೆ ಹೊಡೆದ. ಒಂದು ಏಟು. ಎರಡು. ಮೂರನೆಯದಕ್ಕೆ ಆ ತುದಿ ಕಡಿದು ನೆಲಕ್ಕೆ ಬಿತ್ತು. ಕಲ್ಲಿನ ನೆಲ ನಡುಗಿತು.

ಒಳಗಿನ ಉಕ್ಕು ಬಹುಪಾಲು ಕಪ್ಪಾಗಿ ಸವೆದುಹೋಗಿತ್ತು. ಒಂದು ಮೂಲೆಯಲ್ಲಿ ಮಾತ್ರ, ನಾಲ್ಕು ಹುಣಸೆ ಬೀಜದಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಇಷ್ಟು ದಿನ ಪಂಪು ಓಡಿದ್ದು ಅಷ್ಟರ ಬಲದ ಮೇಲೆ.

"ಇದು ಓಡುವಾಗ ಕಡಿದಿದ್ರ?" ಎಂದು ದುರುಗಣ್ಣ ಕೇಳಿದ.

ಫಿಟ್ಟರು ಕಡಿದು ಬಿದ್ದ ತುದಿಗೆ ಇನ್ನೂ ಅಂಟಿಕೊಂಡಿದ್ದ ಕಬ್ಬಿಣದ ಚಕ್ರವನ್ನು ತೋರಿಸಿದ. "ಇದು ಹಾರ್ತಿತ್ರಿ. ಗೋಡಿ ತಡೀತಿರ್ಲಿಲ್ಲ. ಇದರ ಮಗ್ಗಲ ಯಾರೂ ಕುಂದ್ರಂಗಿಲ್ಲಲ್ಲ?"

ಮಹಾಂತೇಶ ಹೊರಗೆ ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂತ. ಕೊಟ್ರಯ್ಯನವರು ಹಿಂದೆಯೇ ಹೋದರು. ಅವನು ವಾಂತಿ ಮಾಡಿಕೊಳ್ಳುತ್ತಿದ್ದ. ಅವನ ಹಣೆ ಹಿಡಿದುಕೊಂಡರು.

ಕೊಟ್ರಯ್ಯನವರ ನಿವೃತ್ತಿಗೆಂದು ಗೊತ್ತಾಗಿದ್ದ ಸನ್ಮಾನ ನಡೆಯಲಿಲ್ಲ. ಸಂಘದ ಸಭೆಯಲ್ಲಿ ಅವರಿಂದ ಹೇಳಿಕೆ ಬರೆಸಿಕೊಂಡರು. ಒಂದು ಪುಟ ಸಾಕು ಎಂದಿದ್ದ ದುರುಗಣ್ಣನಿಗೆ ಅವರು ಆರು ಪುಟ ಬರೆದುಕೊಟ್ಟರು. ಮಹಾಂತೇಶನಿಗೆ ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡರು. ದಾರಿಯಲ್ಲಿ ಕೆಲವರು ಅವರಿಗೆ ಕೈ ಮುಗಿದರು. ಕೆಲವರು ಮುಖ ತಿರುಗಿಸಿದರು. ನೀರಿನ ಜಗಳ ಹಿಡಿದು ಅವರ ಮನೆ ಬಾಗಿಲಿಗೆ ಬರುವವರು ಆ ಶ್ರಾವಣದಲ್ಲಿ ಯಾರೂ ಇರಲಿಲ್ಲ. ಅವರಿಗೆ ಅದು ನೋಯುತ್ತಿತ್ತು. ಜಂಬಮ್ಮನ ಎದುರು ಹಾಗೆಂದು ಒಪ್ಪಿಕೊಂಡರು ಕೂಡ.

ರೇಣುಕಾದೇವಿಯ ಪುಸ್ತಕವನ್ನು ಕಾಲೇಜು ತಡೆಹಿಡಿಯಿತು. ಅವಳು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು, ಈ ಸಲ ಆ ನಲವತ್ಮೂರು ತಾರೀಕುಗಳಿಂದ. ಭಾದ್ರಪದದಲ್ಲಿ ಒಂದು ಬೆಳಿಗ್ಗೆ ಅವಳ ಫೋನು ಬಂತು. ಅಷ್ಟು ದಿನದ ಮೇಲೆ ಮೊದಲ ಸಲ.

"ಕಾಕಾ, ಎಂಟು ವರ್ಷದ ಹಿಂದಿನ ಮಳೆಗಾಲದ ಎರಡು ತಿಂಗಳು ಸಬ್‌ಸ್ಟೇಷನ್ ಪುಸ್ತಕಾನೇ ಗೆದ್ದಲು ತಿಂದಾವ. ನಿಮ್ಮ ರಿಜಿಸ್ಟರಿನಾಗ ಆ ಎರಡು ತಿಂಗಳದಾಗ ಐದು ಸಲ ಕರೆಂಟ್ ಇಲ್ಲ ಅಂತ ಐತಿ. ಅದರಾಗ ಬಿಸಿಯಾಗಿ ನಿಲ್ಲಿಸಿದ್ದು ಎಷ್ಟು?"

ಕೊಟ್ರಯ್ಯನವರು ಕಣ್ಣು ಮುಚ್ಚಿದರು. ಆ ವರ್ಷದ ಮಳೆ ನೆನಪಿತ್ತು. ಮಗಳ ಬಾಣಂತನ ನೆನಪಿತ್ತು. ಪಂಪು ಮಾತ್ರ ನೆನಪಾಗಲಿಲ್ಲ.

"ಗೊತ್ತಿಲ್ಲ ತಂಗಿ."

"ಅಂದಾಜಿಗಾದ್ರೂ ಹೇಳ್ರಿ. ಎರಡು? ಮೂರು? ಅದೊಂದು ತುಂಬಿದ್ರ ಗೆರೆ ಪೂರಾ ಆಗ್ತೈತಿ."

"ಅಂದಾಜಿಗೆ ಹೇಳಂಗಿಲ್ಲವ್ವಾ. ಆ ಜಾಗ ಖಾಲಿ ಬಿಡು."

ಆಚೆ ಕಡೆ ಕೀಲಿಮಣೆಯ ಟಕಟಕ ಕೇಳಿಸಿತು.

"ಬಿಟ್ಟೆ ಕಾಕಾ," ಎಂದಳು. "ಇನ್ನ ಅದರ ಮುಂದಿನ ವರ್ಷದ್ದು, ನೆನಪಿದ್ದಷ್ಟಾ ಹೇಳ್ರಿ."